ನಿಮ್ಮ ಕುರ್ಚಿಯಲ್ಲಿ ಕುಳಿತವಳು

ಕುಶಾಲಪ್ಪನವರೇ, ನಾನು ಮಾಡಿದ ತಪ್ಪಿಗೆ ನೀವು ನನ್ನ ಹತ್ತಿರ ಕ್ಷಮೆ ಕೇಳಿದಿರಿ. ನಾನು ಕ್ಷಮಿಸಿದೆ. "ಪರವಾಗಿಲ್ಲ ಬಿಡಿ, ವಯಸ್ಸಾದ ಮೇಲೆ ಇದೆಲ್ಲ ಆಗುತ್ತೆ" ಎಂದೆ. ಇಷ್ಟು ವರ್ಷಗಳಲ್ಲಿ ನನ್ನ ಬಾಯಿಂದ ಹೊರಟ ಮಾತುಗಳಲ್ಲಿ ಇದಕ್ಕಿಂತ ಹೊಲಸಾದದ್ದು ಇನ್ನೊಂದಿಲ್ಲ.

ಇದನ್ನು ನಿಮಗೇ ಬರೆಯುತ್ತಿದ್ದೇನೆ. ಆದರೆ ನಮ್ಮಿಬ್ಬರನ್ನು ಅರಿಯದವರೂ ಓದಲಿ ಎಂದು ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ಅರ್ಧ ಹೇಳಿ ಅರ್ಧ ನುಂಗುವುದರಲ್ಲಿ ನಾನು ಪಳಗಿದವಳು — ಈ ಸಲ ಹಾಗಾಗಬಾರದು.

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ನಾನು ಬಂದಾಗ ನೀವು ಅಲ್ಲಿ ಗುಮಾಸ್ತರು. ಇಪ್ಪತ್ತೆಂಟು ವರ್ಷ ಅಂಕಗಳ ಲೆಡ್ಜರ್ ಬರೆದವರು. ಕೊಡ್ಲಿಪೇಟೆಯ ಮೇಷ್ಟ್ರ ಮಗಳಾದ ನನಗೆ ಒಳ್ಳೆಯ ಕೈಬರಹ ಕಂಡರೆ ಈಗಲೂ ಮರ್ಯಾದೆ. ನಿಮ್ಮ ಏಳು ಎಂಬ ಅಂಕಿಯನ್ನು ಯಾರೂ ಒಂದೆಂದು ಓದುವಂತಿರಲಿಲ್ಲ. ಆಮೇಲೆ ಸಾಫ್ಟ್‌ವೇರ್ ಬಂತು. ಪ್ರವೇಶ, ಹಾಜರಾತಿ, ಅಂಕ, ಫಲಿತಾಂಶ, ಎಲ್ಲವೂ ಇನ್ನು ಒಂದೇ ಪರದೆಯ ಮೇಲೆ. ಕಂಪ್ಯೂಟರ್ ಬಲ್ಲವಳೆಂದು ನನ್ನನ್ನು ಅದರ ನೋಡಲ್ ಅಧಿಕಾರಿ ಮಾಡಿದರು. ಎಲ್ಲರಿಗೂ ಲಾಗಿನ್ ಮಾಡಿಕೊಟ್ಟವಳು ನಾನೇ. ನೀವು ಕೀಲಿಮಣೆಯ ಮೇಲೆ ಒಂದೇ ಬೆರಳಿನಲ್ಲಿ, ಮೆಣಸಿನ ಕಾಳು ಆರಿಸುವವರಂತೆ ಒಂದೊಂದೇ ಅಕ್ಷರ ಒತ್ತುತ್ತಿದ್ದಿರಿ. ನಿಧಾನ, ಆದರೆ ಒಂದೂ ತಪ್ಪಿರುತ್ತಿರಲಿಲ್ಲ. ಆ ನಿಧಾನ ಕಂಡು ನಾನು ಬೆನ್ನ ಹಿಂದೆ ನಗುತ್ತಿದ್ದೆ. ಅದೂ ಹೇಳಿಬಿಡುತ್ತೇನೆ.

ಮೊದಲ ಆನ್‌ಲೈನ್ ಫಲಿತಾಂಶದ ದಿನ. ಸಂಜೆ ಐದಕ್ಕೆ ಕುಲಪತಿಗಳು ದೀಪ ಹಚ್ಚಿ ಬಟನ್ ಒತ್ತುವವರಿದ್ದರು. ಮೂರೂವರೆಯಾದರೂ ಒಂದು ತರಗತಿಯ ಆಂತರಿಕ ಅಂಕಗಳು ಇನ್ನೂ ಅರ್ಧ ಬಾಕಿ. ನೀವು ಲೆಡ್ಜರ್ ತೆರೆದಿಟ್ಟುಕೊಂಡು ತುಂಬಿಸುತ್ತಲೇ ಇದ್ದಿರಿ. ಆಗ ಕುಲಸಚಿವರು ಯಾವುದೋ ಹಳೆಯ ಕಡತ ಕೇಳಿದರು, ನೀವು ಎದ್ದು ಹೋದಿರಿ. ನಾನು ನಿಮ್ಮ ಕುರ್ಚಿಯಲ್ಲಿ ಕುಳಿತೆ. ಪರದೆಯಲ್ಲಿ ನಿಮ್ಮ ಲಾಗಿನ್ ತೆರೆದೇ ಇತ್ತು. ನನ್ನ ಹತ್ತಿರವಿದ್ದ ಎಕ್ಸೆಲ್ ಪಟ್ಟಿಯಿಂದ ಅಂಕಗಳ ಸಾಲನ್ನು ಪೂರ್ತಿ ಎತ್ತಿ ಒಂದೇ ಏಟಿಗೆ ಅಂಟಿಸಿದೆ. ನೀವು ತುಂಬಿದ್ದ ಸರಿಯಾದ ಅಂಕಗಳ ಮೇಲೂ ಅದು ಕೂತುಕೊಂಡಿತು. ಕೋರ್ಸು ಬಿಟ್ಟುಹೋಗಿದ್ದ ಒಬ್ಬ ವಿದ್ಯಾರ್ಥಿಯ ಹೆಸರು ಸಾಫ್ಟ್‌ವೇರಿನಲ್ಲಿ ಉಳಿದಿತ್ತು, ನನ್ನ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಅಲ್ಲಿಂದ ಕೆಳಗೆ ಪ್ರತಿಯೊಬ್ಬರ ಅಂಕವೂ ಅವರ ಮೇಲಿನವರ ಹೆಸರಿಗೆ ಹೋಯಿತು.

ನಾನು ನೋಡಲಿಲ್ಲ. ನೋಡಬೇಕೆಂದು ಅನ್ನಿಸಲೂ ಇಲ್ಲ.

ನೀವು ಬಂದಾಗ ನಾನು ಎದ್ದು ನಿಂತಿದ್ದೆ. ಪರದೆ ತುಂಬಿದ್ದನ್ನು ಕಂಡು, ಉಳಿದದ್ದನ್ನು ಸಿಸ್ಟಮ್ಮೇ ತುಂಬಿಕೊಂಡಿತೆಂದುಕೊಂಡು ನೀವು, "ಎಲ್ಲ ಬಂದುಬಿಟ್ಟಿತಾ? ಒಂದ್ಸಲ ಲೆಡ್ಜರ್ ಹಿಡ್ಕೊಂಡು ತಾಳೆ ನೋಡುವಾ ಮೇಡಂ" ಎಂದಿರಿ.

"ಟೈಮಿಲ್ಲ. ಸಿಸ್ಟಮ್ ತಪ್ಪು ಮಾಡಲ್ಲ. ಸಬ್ಮಿಟ್ ಒತ್ತಿ."

ನೀವು ಒತ್ತಿದಿರಿ. ದೀಪ ಹಚ್ಚಿದ್ದಾಯಿತು. ನನಗೆ ಹೂಗುಚ್ಛ ಕೊಟ್ಟರು.

ಮೂರನೆಯ ದಿನ ಸವಿತಾ ಬಂದಳು. ಕಕ್ಕಬೆ ಕಡೆಯ ಹುಡುಗಿ; ಎಸ್ಟೇಟಿನ ಲೈನ್‌ಮನೆಯಲ್ಲಿ ಬೆಳೆದವಳು, ತಾಯಿ ಕಾಫಿ ಹಣ್ಣಿನ ಪಿಕಿಂಗ್‌ಗೆ ಹೋಗುವವರು. ಫಲಿತಾಂಶದಲ್ಲಿ ಅನುತ್ತೀರ್ಣಳೆಂದು ಬಂದಿತ್ತು. "ನಂಗೆ ಇಷ್ಟು ಕಡಿಮೆ ಬರೋಕೆ ಸಾಧ್ಯವೇ ಇಲ್ಲ ಮೇಡಂ, ಬಿ.ಎಡ್. ಸೀಟು ಸಿಕ್ಕಿದೆ, ವಾರದಲ್ಲಿ ಮಾರ್ಕ್ಸ್ ಕಾರ್ಡ್ ಕೊಡ್ಬೇಕು" ಎಂದಳು. ನಾನು ತಲೆ ಎತ್ತದೆ, "ಸಿಸ್ಟಮ್‌ನಲ್ಲಿ ಹಾಗೇ ಇದೆ" ಎಂದೆ. ಅವಳು ಕಿಟಕಿಯಿಂದ ಕದಲಲಿಲ್ಲ. ನೀವೇ ಎದ್ದು ಕಪಾಟಿನಿಂದ ಲೆಡ್ಜರ್ ತೆಗೆದಿರಿ. ಹತ್ತು ನಿಮಿಷ ಬೆರಳಿಟ್ಟು ನೋಡಿ, ನನ್ನ ಮೇಜಿಗೆ ಓಡಿಬಂದಿರಿ. "ಮೇಡಂ, ಒಂದು ಸಾಲು ಜಾರಿದೆ!"

ಆ ಕ್ಷಣದಲ್ಲೇ ನನಗೆ ಎಲ್ಲವೂ ತಿಳಿಯಿತು. ಎಲ್ಲಿ ಜಾರಿತು, ಯಾರ ಕೈಯಿಂದ ಜಾರಿತು — ಎಲ್ಲವೂ. ಆದರೂ ನಾನು ಹೇಳಿದ್ದು ಒಂದೇ: "ಹೌದಾ? ಹೇಗಾಯ್ತು?"

ವಿಚಾರಣೆ ಕುಲಸಚಿವರ ಕೋಣೆಯಲ್ಲಿ ನಡೆಯಿತು. ಯಾರು ತುಂಬಿದರೆಂದು ತೋರಿಸುವ ಲಾಗ್‌ನಲ್ಲಿ ನಿಮ್ಮ ಹೆಸರಿತ್ತು. ಸಾಫ್ಟ್‌ವೇರಿನದೇ ದೋಷವಿರಬಹುದೇ ಎಂದು ನನ್ನನ್ನು ಕೇಳಿದರು. "ಇಲ್ಲ ಸರ್. ಎಂಟ್ರಿ ಮಾಡಿದವರ ಕೈತಪ್ಪು." ಅದು ನಿಜವೇ, ನೋಡಿ. ಸುಳ್ಳಿಗೆ ನಿಜದ ಅಂಗಿ ತೊಡಿಸುವುದು ನನಗೆ ಅಷ್ಟು ಸಲೀಸಾಗಿ ಬಂತು.

ನೀವು ನಿಂತೇ ಇದ್ದಿರಿ. ತಡವರಿಸುತ್ತ, "ಸರ್, ನಾನು ಕಡತ ತರಲಿಕ್ಕೆ ಹೋದಾಗ ಮೇಡಂ ಸ್ವಲ್ಪ ಹೊತ್ತು ನನ್ನ ಸೀಟಲ್ಲಿ ಕೂತಿದ್ರು ಅಂತ ನೆನಪು" ಎಂದಿರಿ. ದೂರಿನ ದನಿಯಲ್ಲ ಅದು. ನೆನಪಿಗೆ ಬಂದದ್ದನ್ನು ಹೇಳಿದಿರಿ, ಅಷ್ಟೇ.

ನಾನು ನಿಮ್ಮ ಕಡೆ ತಿರುಗಿ, ಹಿರಿಯರಿಗೆ ನಿಧಾನವಾಗಿ ತಿಳಿಸಿ ಹೇಳುವವಳ ಹಾಗೆ, ಮೃದುವಾಗಿ ಹೇಳಿದೆ — "ಅದು ಹಿಂದಿನ ದಿನ, ಕುಶಾಲಪ್ಪನವರೇ."

ನೀವು ನನ್ನ ಮುಖವನ್ನೇ ನೋಡಿದಿರಿ. ನಾನು ಕಣ್ಣು ತಪ್ಪಿಸಲಿಲ್ಲ. ಆಗ ನಿಮ್ಮ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ನಿಮ್ಮ ಮೇಲೆ ನಿಮಗೇ ಅನುಮಾನ ಬಂತು. ಅದು ಬರುವುದನ್ನು ನಾನು ಕಣ್ಣಾರೆ ಕಂಡೆ.

"ಹೌದಾ... ಹಾಗಿರ್ಬಹುದು ಸರ್. ನಾನೇ ಏನೋ ಒತ್ತಿಬಿಟ್ಟಿರ್ಬೇಕು."

ನಿಮಗೆ ಬರಬೇಕಿದ್ದ ಬಡ್ತಿ ತಪ್ಪಿತು. ಸೇವಾ ಪುಸ್ತಕದಲ್ಲಿ ಕರ್ತವ್ಯಲೋಪ ಎಂದು ಬರೆದರು. ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿಗೆ ಹೋಗುವ ದಿನ ನೀವು ನನ್ನ ಮೇಜಿನ ಮುಂದೆ ನಿಂತು, "ನನ್ನಿಂದ ನಿಮ್ಮ ಕೆಲಸಕ್ಕೂ ಕೆಟ್ಟ ಹೆಸರು ಬಂತು ಮೇಡಂ, ಕ್ಷಮಿಸಿ" ಎಂದಿರಿ. ನಾನು ಏನೆಂದೆನೆಂದು ಮೊದಲೇ ಬರೆದಿದ್ದೇನೆ.

ಸವಿತಾಳ ಅಂಕಗಳನ್ನು ಸರಿಪಡಿಸಿದರು. ಸಮಿತಿ, ಅನುಮೋದನೆ, ಸಹಿಗಳೆಲ್ಲ ಮುಗಿಯುವಷ್ಟರಲ್ಲಿ ಅವಳ ಸೀಟು ಬೇರೆಯವರ ಪಾಲಾಗಿತ್ತು. ಈಗ ಒಂದು ಹೋಂಸ್ಟೇಯಲ್ಲಿ ಬಂದವರಿಗೆ ಕೋಣೆ ತೋರಿಸುತ್ತಾಳಂತೆ. ಮರುವರ್ಷ ಮತ್ತೆ ಪ್ರಯತ್ನಿಸಬಹುದಿತ್ತಲ್ಲ ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಆ ಮಾತೂ ನನಗೆ ಈಗ ಅಸಹ್ಯ.

ಇದರಾಚೆಗೂ ಒಂದಿದೆ, ಅದು ನಿಮಗೆ ಗೊತ್ತಿಲ್ಲ. ನನಗೆ ಬಡ್ತಿ ಬಂತು. ಬೇರೆ ಕಾಲೇಜುಗಳಿಗೆ ತರಬೇತಿ ಕೊಡಲು ಕಳಿಸತೊಡಗಿದರು. ಅಲ್ಲಿ ನಾನು ನಿಮ್ಮ ಕಥೆ ಹೇಳುತ್ತಿದ್ದೆ. ಹೆಸರು ಹೇಳದೆ — "ನಮ್ಮಲ್ಲಿ ಒಬ್ಬ ಹಿರಿಯ ನೌಕರರಿದ್ದರು, ಒಂದೇ ಬೆರಳು..." ಎಂದು ಬೆರಳನ್ನು ಎತ್ತಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೇಳಿ ಹೇಳಿ ಅದು ನನಗೂ ನಿಜವೇ ಆಗುತ್ತ ಬಂದಿತ್ತು. ಇದನ್ನು ಬರೆಯುವಾಗ ನನ್ನ ಕೈಯನ್ನೇ ತೊಳೆದುಕೊಳ್ಳಬೇಕೆನ್ನಿಸುತ್ತಿದೆ.

ಕಳೆದ ತಿಂಗಳು ಒಂದು ಮದುವೆಯಲ್ಲಿ ನಿಮ್ಮ ಮನೆಯವರು ಸಿಕ್ಕಿದರು. ನೀವು ನಿವೃತ್ತರಾಗಿ ಶ್ರೀಮಂಗಲದ ಹತ್ತಿರ ತೋಟದ ಮನೆಯಲ್ಲಿದ್ದೀರೆಂದರು. ಆರೋಗ್ಯ ಕೇಳಿದೆ.

"ಮೈಗೇನೂ ಇಲ್ಲ ಮೇಡಂ. ಆದ್ರೆ ಫೋನ್ ಮುಟ್ಟಲ್ಲ ಇವ್ರು. ಮಗಳು ವಿಡಿಯೋ ಕಾಲ್ ಮಾಡಿದ್ರೆ ನಾನೇ ಒತ್ತಿ ಕೈಗೆ ಕೊಡ್ಬೇಕು. ನಾನು ತೋಟಕ್ಕೆ ಹೋಗಿದ್ರೆ ಅದು ಹೊಡ್ಕೊಳ್ತಾ ಇರ್ತದೆ, ಇವ್ರು ನೋಡ್ತಾ ಕೂತಿರ್ತಾರೆ. 'ನಾನು ಒತ್ತಿದ್ರೆ ಏನಾದ್ರೂ ಹಾಳಾಗ್ತದೆ' ಅಂತಾರೆ." ಹೇಳುತ್ತ ಅವರು ಸ್ವಲ್ಪ ನಕ್ಕರು. ಪಾಪ, ಅವರಿಗೆ ಅದು ವಯಸ್ಸಾದ ಗಂಡನ ಒಂದು ಚಾಳಿ.

ಎಲೆಯ ಮುಂದೆ ಕುಳಿತಿದ್ದೆ. ಎಲೆ ಮಡಚಿ ಎದ್ದೆ.

ಆ ಭಾನುವಾರವೇ ನಿಮ್ಮಲ್ಲಿಗೆ ಬಂದೆನಲ್ಲ. ಎಲ್ಲವನ್ನೂ ಹೇಳಲೆಂದೇ ಬಂದಿದ್ದೆ. ನೀವು ಅಂಗಳದ ತುದಿವರೆಗೆ ಬಂದು, "ನಮ್ಮ ಮೇಡಂ ಬಂದ್ರು" ಎಂದು ಒಳಗೆ ಕೂಗಿದಿರಿ. ಕುರ್ಚಿ ಒರೆಸಿ ಕೊಟ್ಟಿರಿ. ಕಾಫಿ ಕುಡಿದೆ, ಕಡುಬು ತಿಂದೆ, ಈ ಸಲದ ಮಳೆಯ ಬಗ್ಗೆ ಮಾತಾಡಿದೆ. ಹೊರಡುವಾಗ ಚೀಲದ ತುಂಬ ಕಿತ್ತಳೆ ಹಾಕಿಕೊಟ್ಟಿರಿ. ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಅದರ ವಾಸನೆ ತಡೆಯಲಾರದೆ ಇಳಿದು, ಮುಂದಿನ ಬಸ್ಸಿನವರೆಗೆ ರಸ್ತೆಬದಿ ನಿಂತಿದ್ದೆ.

ಎದುರಿಗೆ ಹೇಳುವ ಯೋಗ್ಯತೆ ನನಗಿಲ್ಲ. ಅದಕ್ಕೇ ಇದು. ಕುಶಾಲಪ್ಪನವರೇ, ಅದು ಹಿಂದಿನ ದಿನವಾಗಿರಲಿಲ್ಲ. ಅದೇ ದಿನ. ಮೂರೂವರೆಗೆ, ನೀವು ಕಡತ ತರಲು ಹೋದಾಗ, ನಿಮ್ಮ ಸೀಟಿನಲ್ಲಿ ಕುಳಿತವಳು ನಾನು. ನಿಮ್ಮ ನೆನಪು ಸರಿಯಾಗಿತ್ತು. ನಿಮ್ಮ ಬೆರಳಿನಿಂದ ಯಾವ ತಪ್ಪೂ ಆಗಲಿಲ್ಲ. ಒತ್ತಲು ಹೇಳಿದವಳೂ ನಾನೇ. ತಾಳೆ ನೋಡುವಾ ಎಂದವರು ಆ ಕೋಣೆಯಲ್ಲಿ ನೀವೊಬ್ಬರೇ.

ಇಷ್ಟನ್ನೂ ಕುಲಸಚಿವರಿಗೆ ಬರೆದು, ಕೊನೆಗೆ ಸವಿತಾಳ ಹೆಸರನ್ನೂ ಸೇರಿಸಿ, ಇವತ್ತು ಬೆಳಿಗ್ಗೆ, ಬಂದ ಪತ್ರಗಳನ್ನು ದಾಖಲಿಸಿಕೊಳ್ಳುವ ಆವಕ ವಿಭಾಗಕ್ಕೆ ಕೊಂಡುಹೋದೆ. ಈಗಿನ ಕುಲಸಚಿವರ ಬಳಿ ಮೊದಲು ಬಾಯಿಮಾತಿನಲ್ಲಿ ಹೇಳಿದ್ದೆ. "ಮುಗಿದ ವಿಷಯ, ಈಗ ಯಾಕೆ? ಅವರೂ ರಿಟೈರಾದರು" ಎಂದಿದ್ದರು. ಆವಕ ವಿಭಾಗದ ಹುಡುಗಿ ಅರ್ಜಿಯನ್ನು ಅಭ್ಯಾಸಬಲದಿಂದ ಓದತೊಡಗಿದವಳು ನಡುವೆ ನಿಂತು ನನ್ನನ್ನು ನೋಡಿದಳು. ಅವಳಿಗೂ ಆ ಸಾಫ್ಟ್‌ವೇರ್ ಕಲಿಸಿದವಳು ನಾನೇ.

"ಮೇಡಂ... ಇದನ್ನ ನಿಜವಾಗ್ಲೂ ಇನ್‌ವರ್ಡ್ ಮಾಡ್ಲಾ?"

"ಮಾಡಮ್ಮ."

ಮೊಹರು ಒತ್ತಿ ನಂಬರು ಕೊಟ್ಟಳು. ಮತ್ತೆ ನನ್ನ ಮುಖ ನೋಡಲಿಲ್ಲ. ಇದರ ಜೊತೆ ಅದರ ಪ್ರತಿ ಇಟ್ಟಿದ್ದೇನೆ. ನಂಬರು ಬಿದ್ದ ಅರ್ಜಿಯನ್ನು ಮುಗಿದ ವಿಷಯವೆಂದು ತಳ್ಳುವಂತಿಲ್ಲ; ವಿಚಾರಣೆಗೆ ಅವರು ನಿಮ್ಮನ್ನು ಕರೆಸುತ್ತಾರೆ. ಬನ್ನಿ. ಬಂದಾಗ ನನ್ನ ಹತ್ತಿರ ಮಾತಾಡಬೇಕಾಗಿಲ್ಲ. ಹೊರಗೆ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತ ಕೂತಿರುತ್ತೇನೆ.