ಅಡ್ಡಿಲ್ಲ ಎಂದವರ ಕೈಯ ಗುಲಾಮ

ಶಿಕಾರಿಪುರದಲ್ಲಿ ನನ್ನನ್ನು ಕಂಡರೆ ಜನ ಕೆಮ್ಮುವುದಿಲ್ಲ. ಬಂದ ಕೆಮ್ಮನ್ನೂ ನುಂಗಿಕೊಂಡು ಮುಂದೆ ಹೋಗುತ್ತಾರೆ. ಕೆಮ್ಮಿದರೆ ಸಂಜೆಯೊಳಗೆ ಅದೇ ಕೆಮ್ಮು ಎಸ್‌ಟಿಡಿ ಬೂತಿನ ಪಕ್ಕದ ಚಹಾದಂಗಡಿಯಲ್ಲಿ, ನನ್ನ ಗಂಟಲಿನಿಂದ, ಕೇಳಿಬರುತ್ತದೆಂದು ಅವರಿಗೆ ಗೊತ್ತು.

ಈ ವಿದ್ಯೆಯಿಂದ ಅನ್ನ ಹುಟ್ಟುವುದಿಲ್ಲವೆಂದು ಅವ್ವ ಹೇಳುತ್ತಾಳೆ. ನಿಜ, ಆದರೆ ಇಸ್ಪೀಟಿನಲ್ಲಿ ಗೆಲುವು ಹುಟ್ಟುತ್ತದೆ. ಇಪ್ಪತ್ತೆಂಟು ಆಟ ನಿಮಗೆ ಗೊತ್ತಲ್ಲ? ಇಬ್ಬಿಬ್ಬರ ಜೋಡಿ, ಇಷ್ಟು ಅಂಕ ಮಾಡುತ್ತೇನೆಂದು ಮೊದಲೇ ಕೂಗಬೇಕು, ಗುಲಾಮನೇ ಎಲ್ಲರಿಗಿಂತ ದೊಡ್ಡವನು, ರಾಜ ರಾಣಿಯರಿಗೆ ಕವಡೆ ಕಿಮ್ಮತ್ತಿಲ್ಲ. ಸಂವಿಧಾನಕ್ಕೂ ಮೊದಲೇ ಪ್ರಜಾಪ್ರಭುತ್ವ ಜಾರಿಗೆ ತಂದ ಆಟ ಇದೊಂದೇ ಇರಬೇಕು. ನಮ್ಮೂರಲ್ಲಿ ಗುಲಾಮ ಯಾರ ಕೈ ಸೇರಿದ್ದಾನೆಂದು ಎಲೆ ನೋಡದೆಯೇ ಹೇಳಬಲ್ಲೆ. ಹಿಟ್ಟಿನ ಗಿರಣಿಯವರಾದರೆ ಲುಂಗಿ ಸರಿಮಾಡಿಕೊಳ್ಳುತ್ತಾರೆ. ನನ್ನ ಸೋದರಮಾವ ರುದ್ರಪ್ಪನಾದರೆ ಮೂಗಿನಿಂದ ಸಣ್ಣ ಶಿಳ್ಳೆ ಹೊರಡುತ್ತದೆ. ಆ ಶಿಳ್ಳೆಯನ್ನು ನಾನು ಅವನ ಬೀಗರ ಎದುರಿಗೇ ಊದಿ ತೋರಿಸಿದ್ದೆ. ಬೀಗರು ನಕ್ಕರು. ಮಾವ ನಗಲಿಲ್ಲ.

ಹೋದ ತಿಂಗಳು ಸೊರಬದಲ್ಲಿ ಇಪ್ಪತ್ತೆಂಟರ ಪಂದ್ಯಾವಳಿ ಇಟ್ಟರು. ಮಾವ ನನ್ನನ್ನೇ ಜೋಡಿ ಮಾಡಿಕೊಂಡ, ಆದರೆ ಷರತ್ತು ಹಾಕಿ.

“ನೋಡ್ಲೇ, ಮೊದಲ್ನೇ ಪಂದ್ಯದಾಗ ಸೋತ್ವಿ ಅಂದ್ರ ದೀಪಾವಳಿ ಮಟ ಯಾರ ಅಣಕಾನೂ ಮಾಡಂಗಿಲ್ಲ. ನಂದಂತೂ ಮೊದ್ಲಿಗೇ ಇಲ್ಲ.”

“ಗೆದ್ರ, ಮಾವ?”

“ಗೆದ್ರ ನನ್ನ ಶಿಳ್ಳೆ, ಕೆಮ್ಮು, ಸೀನು ಎಲ್ಲಾ ನಿನ್ ಹೆಸರಿಗೇ ಬರ್ಕೊಡ್ತೀನಿ ತಗಾ, ಖಾತೆ ಪಹಣಿ ಸಮೇತ.”

ಒಪ್ಪಿದೆ. ಬಸ್ಸು ಹತ್ತಿದ ಮೇಲೆ ದಿಗಿಲಾಯಿತು. ಅಣಕ ಬಿಟ್ಟರೆ ನನ್ನ ಹತ್ತಿರ ಇರುವುದಾದರೂ ಏನು? ಗುರುತಿಲ್ಲದವರೆದುರು ಹೇಗೆ ಆಡುವುದು? ಇದರಲ್ಲೂ ದ್ವೈತ, ಅದ್ವೈತಗಳಿವೆ. ಎದುರಿನವನು ಬೇರೆ, ಅವನ ಬುದ್ಧಿ ಬೇರೆ, ತಿಳಿಯುವತನಕ ಸುಮ್ಮನಿರು ಎನ್ನುವುದು ದ್ವೈತ. ಎದುರಿನವನೂ ನಾನೇ, ನನ್ನಷ್ಟೇ ಪೆದ್ದ, ನುಗ್ಗು ಎನ್ನುವುದು ಅದ್ವೈತ. ಶಿರಾಳಕೊಪ್ಪ ದಾಟುವಷ್ಟರಲ್ಲಿ ನಾನು ಅದ್ವೈತಿಯಾಗಿದ್ದೆ.

ನಮ್ಮೆದುರು ಕೂತವರು ಒಬ್ಬ ಹಿರಿಯ ಯಜಮಾನರು, ಜೊತೆಗೆ ಅವರ ಅಳಿಯ. ಅಳಿಯ ತನ್ನ ಮಾವನ ಮುಖ ನೋಡಿ ಆಡುತ್ತಿದ್ದ. ಯಜಮಾನರ ಮುಖದಲ್ಲಿ ಎಲೆಯಡಿಕೆ ಬಿಟ್ಟು ಬೇರೇನೂ ಇರಲಿಲ್ಲ. ಕೆಮ್ಮಿಲ್ಲ, ಶಿಳ್ಳೆಯಿಲ್ಲ, ಲುಂಗಿಯನ್ನೂ ಮುಟ್ಟಲಿಲ್ಲ. ಹಾಗೂ ಹೀಗೂ ಸಮಸಮವಾಗಿ ಕೊನೆಯ ಸುತ್ತಿಗೆ ಬಂದೆವು. ಎಲೆ ಹಂಚಿದರು.

“ಹೆಂಗೈದಾವ್ರೀ ಯಜಮಾನ್ರೇ, ಎಲೆ?” ಮಾವ ಸುಮ್ಮನೆ ಕೆಣಕಿದ.

“ಅಡ್ಡಿಲ್ಲ,” ಎಂದರು ಅವರು.

ಸಿಕ್ಕಿತಲ್ಲ ಎಳೆ! ನಮ್ಮ ಕಡೆ ‘ಅಡ್ಡಿಲ್ಲ’ ಎನ್ನುವುದು ಉಪ್ಪು ಮರೆತ ಸಾರಿಗೆ, ತಲೆ ಬೋಳಾಗಿ ನೌಕರಿಯಿರುವ ವರನಿಗೆ. ಅಂದರೆ ಇವರ ಎಲೆ ಅಷ್ಟಕ್ಕಷ್ಟೇ. ಅವರು ಮೆಲ್ಲಗೆ “ಇಪ್ಪತ್ತು” ಎಂದು ಕೂಗಿದರು. ಅಷ್ಟು ಅಂಕ ಅವರಿಂದಾಗದು, ಸೋತವರಿಗೆ ಇಮ್ಮಡಿ ಪೆಟ್ಟು ಎಂದು ನಾನು “ಡಬಲ್!” ಅಂತ ಅಬ್ಬರಿಸಿದೆ. ಮೇಜಿನ ಕೆಳಗೆ ಮಾವ ನನ್ನ ಕಾಲು ತುಳಿದ. ಅದನ್ನು ಶಹಬ್ಬಾಸ್‌ಗಿರಿ ಎಂದು ತಿಳಿದೆ.

ಯಜಮಾನರು ಒಬ್ಬ ಗುಲಾಮನನ್ನು ಇಳಿಸಿದರು. ಆಮೇಲೆ ಅವನ ತಮ್ಮನನ್ನು. ಮೂರನೆಯವನೂ ಬಂದಾಗ ನಾನು ಮಾವನ ಕಡೆ ನೋಡುವುದನ್ನೇ ಬಿಟ್ಟೆ.

“ಅಲ್ರೀ, ಅಡ್ಡಿಲ್ಲ ಅಂದ್ರಲ್ಲ!” ಎಂದೆ, ಮೋಸ ಹೋದವನಂತೆ.

“ಹೌದಲ ಮಾರಾಯ. ಅದಕ್ಕಿಂತ ಮೇಲೆ ಇನ್ನೆಂಥ ಹೇಳದು? ನಮ್ಮನೆಯವ್ಳು ನಂಗೆ ಅಡ್ಡಿಲ್ಲ ಅಂದಿದ್ದು ಜನ್ಮದಲ್ಲಿ ಒಂದೇ ಸಲ. ಅದನ್ನ ನೆನೆಸ್ಕಂಡೇ ಇನ್ನೂ ಸಂಸಾರ ಮಾಡ್ತಿದೀನಿ.”

ಇಂಥ ಮಾತು, ಇಂಥ ದನಿ! ಎಲೆಯಡಿಕೆಯ ನಡುವಿನಿಂದ ಜಾರಿ ಬರುವ ಆ ‘ಮಾರಾಯ’! ನನ್ನ ಗಂಟಲು ಆಗಲೇ ತುರಿಸತೊಡಗಿತ್ತು. ಆದರೆ ಪಂದ್ಯ ಸೋತಿದ್ದೆವು, ಷರತ್ತೂ ಆಗಲೇ ಜಾರಿಯಾಗಿತ್ತು.

ಮನೆಗೆ ಬಂದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. “ಎದುರಿಗೆ ಕುಂತಿದ್ರಲ್ಲ, ಎಂಥಾ ಮನುಷ್ಯರೋ ಅವ್ರು?” ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ಕೆನ್ನೆ ಉಬ್ಬಿಸಿ, ಒಂದೇ ಪದದಲ್ಲಿ ಯಜಮಾನರನ್ನು ಅಡುಗೆಮನೆಗೆ ಕರೆತಂದು ಕೂರಿಸುತ್ತಿದ್ದೆ. ಮಾವ ಬಾಗಿಲಲ್ಲೇ ಕಾವಲು ನಿಂತಿದ್ದ. ಉಬ್ಬುತ್ತಿದ್ದ ಕೆನ್ನೆ ಇಳಿಸಿ, ನನಗೇ ಗುರುತು ಸಿಗದ ನನ್ನ ಸ್ವಂತ ದನಿಯಲ್ಲಿ, “ಗೊತ್ತಾಗ್ಲಿಲ್ಲವ್ವ” ಎಂದೆ.

ಇಷ್ಟು ಸಣ್ಣ ಮಾತು ಸೊರಬದಲ್ಲೇ ಹೊಳೆದಿದ್ದರೆ ಡಬಲ್ ಎನ್ನುತ್ತಲೇ ಇರಲಿಲ್ಲ.