ಮಿರ್ಲೆ ಕಾಣೆಯಾದ ಸೋಮವಾರ

ಕೆ.ಆರ್. ನಗರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಅಬ್ದುಲ್ ಖಾದರ್ ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವರು. ಆ ಕೈ ಸುಮ್ಮನಿರುವುದಿಲ್ಲ. ಪ್ರತಿ ರಂಜಾನಿಗೂ ಸ್ಟುಡಿಯೊಗೆ ಹೊಸ ಬಣ್ಣ. ಈ ವರ್ಷ ಗೋಡೆ, ಬಾಗಿಲು, ಸ್ಟೂಲು ಎಲ್ಲ ಮುಗಿದ ಮೇಲೆ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು.

ಅದನ್ನು ನಡೆಸುವುದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ, ಪಾಲಿಟೆಕ್ನಿಕ್ ಮೇಷ್ಟ್ರು ಕಿರಣ್ ಕುಮಾರ್ ಹಾಕಿಕೊಟ್ಟದ್ದು. ಬೇಕಾದರೆ ಬೇರೆ ಡೆಸ್ಕ್‌ಟಾಪ್ ಹಾಕಬಹುದು, ಫೈಲುಗಳು ಹಾಗೇ ಇದ್ದು ನೋಟ ಮಾತ್ರ ಬದಲಾಗುತ್ತದೆ ಎಂದಿದ್ದರಂತೆ ಮೇಷ್ಟ್ರು. ಹಬ್ಬ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಖಾದರಣ್ಣ ಅವರಿಂದಲೇ ಹಾಕಿಸಿಕೊಂಡೇಬಿಟ್ಟರು.

ಅದೇ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ಮಗಳನ್ನು ಎತ್ತಿಕೊಂಡು ಹೋದೆ. ನಾಲ್ಕರೊಳಗೆ ಎಲ್‌ಕೆಜಿ ಅರ್ಜಿಯನ್ನು ಫೋಟೊ ಅಂಟಿಸಿ ಶಾಲೆಗೆ ಕೊಡಬೇಕಿತ್ತು, ಅಂದೇ ಕೊನೆಯ ದಿನ. ಕ್ಯಾಮೆರಾ ಕಂಡರೆ ನನ್ನ ಮಗಳು ಬಾಯಿ ತೆರೆದು ಅಳುತ್ತಾಳೆ. ಇದೇನಾದರೂ ಕಾಯಿಲೆಯೇ ಎಂದು ಇಬ್ಬರು ಡಾಕ್ಟರನ್ನು ಕೇಳಿದ್ದೇನೆ. ಹೋದ ವಾರ ನಲವತ್ತೊಂದನೆಯ ಸಲಕ್ಕೆ ಬಾಯಿ ಮುಚ್ಚಿದ ಫೋಟೊ ಒಂದು ಸಿಕ್ಕಿತ್ತು. ಪ್ರಿಂಟ್ ತೆಗೆಯುವಷ್ಟರಲ್ಲಿ ಕರೆಂಟ್ ಹೋಗಿ ಅದು ಕಂಪ್ಯೂಟರಿನಲ್ಲೇ ಉಳಿದಿತ್ತು.

ಖಾದರಣ್ಣ ಫೋಲ್ಡರಿಗೆ ಹೆಸರು ಕೊಡುವವರಲ್ಲ. ಗಿರಾಕಿ ಯಾವ ಊರಿನವರೋ, ಪರದೆಯ ಮೇಲೆ ನಕ್ಷೆಯಂತೆ ಆ ಊರಿನ ಜಾಗದಲ್ಲಿ ಇಡುವವರು. ನಡುವೆ ಕೆ.ಆರ್. ನಗರ, ಎಡಕ್ಕೆ ಚುಂಚನಕಟ್ಟೆ, ಮೇಲೆ ಮಿರ್ಲೆ. ನನ್ನ ಗಂಡನ ಊರು ಮಿರ್ಲೆಯಾದ್ದರಿಂದ ಮಗಳೂ ಅಲ್ಲೇ ಇದ್ದಳು. ಹೊಸ ಡೆಸ್ಕ್‌ಟಾಪ್ ಊರು ಕೇರಿ ನೋಡದೆ ಆರುನೂರು ಫೋಲ್ಡರುಗಳನ್ನು ಸಾಲಾಗಿ ನಿಲ್ಲಿಸಿತ್ತು. ಎಲ್ಲದರ ಹೆಸರೂ ‘ಹೊಸ ಫೋಲ್ಡರ್’, ಮುಂದೊಂದು ನಂಬರ್.

“ಮಿರ್ಲೆನೇ ಕಾಣ್ತಿಲ್ಲ ಕಣಮ್ಮ,” ಎಂದರು. “ಚುಂಚನಕಟ್ಟೇನೂ ಓಗ್ಬುಡ್ತು.”

ಸೀಟು ತಪ್ಪಿದರೆ ಮಗಳ ಗತಿಯೇನೆಂದು ಎಸ್ಸೆಸ್ಸೆಲ್ಸಿವರೆಗೆ ಯೋಚಿಸಿ ಮುಗಿಸಿದೆ. ಹಳೆಯದಕ್ಕೆ ವಾಪಸ್ ಹೋಗಿ ಎಂದರೆ, ಅದು ಮೇಷ್ಟ್ರಿಗೇ ಗೊತ್ತು, ಅವರು ಪರೀಕ್ಷೆ ಕೊಠಡಿಯಲ್ಲಿ ಫೋನ್ ಆಫ್ ಮಾಡಿ ಕೂತಿದ್ದಾರೆ ಎಂದರು ಖಾದರಣ್ಣ. ಒಂದೊಂದೇ ತೆರೆದೆವು. ಮದುವೆಗಳು, ಆಧಾರ್ ಕಾರ್ಡುಗಳು, ವಿಮೆಗೆಂದು ತೆಗೆಸಿದ ಯಾರದೋ ಎಮ್ಮೆ. ಗಂಟೆ ಮೂರಾಯಿತು.

ಹೊಸದಾಗಿಯೇ ತೆಗೆಯೋಣ ಎಂದು ಅವರು ಕ್ಯಾಮೆರಾ ಎತ್ತಿದರು. ಮಗಳು ಬಾಯಿ ತೆರೆದಳು. ಆಗ ಊಟದ ಡಬ್ಬಿ ತಂದಿದ್ದ ಅವರ ಹೆಂಡತಿ ಫಾತಿಮುನ್ನೀಸಾ, ಮಗು ಅದಕ್ಕೇ ಹೆದರಿತೇನೋ ಎಂದು, ಪರದೆಯ ತುಂಬ ನಿಂತಿದ್ದ ಎಮ್ಮೆಯನ್ನು ಮೌಸಿನಿಂದ ಪಕ್ಕಕ್ಕೆ ಎಳೆದರು. ಹೊಸ ಡೆಸ್ಕ್‌ಟಾಪಿನಲ್ಲಿ ವಿಂಡೊ ಎಳೆದರೆ ಅದರೊಳಗಿನ ಚಿತ್ರ ಬಳುಕುತ್ತದೆ ಎಂದು ಯಾರಿಗೆ ಗೊತ್ತಿತ್ತು? ಎಮ್ಮೆ ಕೊಂಬಿನಿಂದ ಬಾಲದವರೆಗೆ ತುಳುಕಿತು. ಮಗಳ ಅಳು ಅರ್ಧಕ್ಕೇ ನಿಂತಿತು.

ಇನ್ನೊಮ್ಮೆ ಎಳೆ ಎಂದು ಹೆಂಡತಿಗೆ ಉರ್ದುವಿನಲ್ಲಿ ಹೇಳಿ, ಖಾದರಣ್ಣ ಕ್ಯಾಮೆರಾವನ್ನು ಪರದೆಯ ತಲೆಯ ಮೇಲೆ ಹಿಡಿದರು.

“ನೋಡಮ್ಮ,” ಎಂದರು ಆಕೆ ನನ್ನ ಕಡೆ ತಿರುಗಿ, ಎಳೆಯುತ್ತಲೇ. “ಮೂವತ್ತು ವರ್ಸದಿಂದ ನನ್ದೊಂದು ಫೋಟೊ ನೆಟ್ಟಗೆ ತೆಗ್ದಿಲ್ಲ. ಈಗ ಎಮ್ಮೆ ಎಳಿ ಅಂತಾರೆ.”

ಮಗಳು ಕಿಲಕಿಲ ನಕ್ಕಳು. ಫೋಟೊ ಸಿಕ್ಕಿತು. ಮೂರು ಐವತ್ತಕ್ಕೆ ಶಾಲೆಯಲ್ಲಿದ್ದೆ. ನಗುವ ಫೋಟೊ ನಡೆಯುತ್ತದೆಯೇ ಎಂದು ಮೂರು ಸಲ ಕೇಳಿದ ಮೇಲೆ ಶಾಲೆಯವರೇ ಅರ್ಜಿ ಕಿತ್ತುಕೊಂಡು ಒಳಗಿಟ್ಟರು.

ಸಂಜೆ ಮೇಷ್ಟ್ರು ಬಂದು, ಲಾಗಿನ್ ಆಗುವಾಗ ಮೂಲೆಯ ಪುಟ್ಟ ಗುಂಡಿ ಒತ್ತಿ ಹಳೆಯ ಡೆಸ್ಕ್‌ಟಾಪ್ ಆರಿಸಿದರಂತೆ. ಮಿರ್ಲೆ ತನ್ನ ಜಾಗದಲ್ಲೇ ಇತ್ತು. ಈಗ ದೊಡ್ಡವರಿಗೆ ಹಳೆಯದು, ಮಕ್ಕಳು ಬಂದರೆ ಹೊಸದು. ಎಮ್ಮೆ ತಕ್ಷಣ ಸಿಗಲೆಂದು ಖಾದರಣ್ಣ ಜೀವನದಲ್ಲಿ ಮೊದಲ ಸಲ ಒಂದು ಫೋಲ್ಡರಿಗೆ, ಅದೇ ಎಮ್ಮೆಯದಕ್ಕೆ, ಹೆಸರು ಕೊಟ್ಟಿದ್ದಾರೆ, ನನ್ನ ಮಗಳ ಹೆಸರು.

ಬದಲಿಸಿ ಎಂದು ನಾಲ್ಕು ಸಲ ಹೇಳಿ ಬಂದಿದ್ದೇನೆ.