ನಾನು ಸೇರಿಸದೆ ಬಿಟ್ಟ ಇನ್ನೊಂದು ಬಾಲ

ಮಾದೇವಮ್ಮ, ನೀವು ಮಿಷನ್ನಿನ ತೂಕದ ಸೆಟ್ಟಿಂಗ್ ಕೆಡಿಸಿದ್ದೀರೆಂದು ನಾನು ಕೊಟ್ಟ ವರದಿ ತಪ್ಪು. ತಪ್ಪೆಂದು ಅಂದೇ ಸಂಜೆ ಗೊತ್ತಾಗಿತ್ತು — ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ.

ನಂಜನಗೂಡಿನ ಆ ಸಾರಿನ ಪುಡಿ ಕಾರ್ಖಾನೆಯಲ್ಲಿ ನೀವು ಪ್ಯಾಕಿಂಗ್ ಮಿಷನ್ ನೋಡಿಕೊಳ್ಳುತ್ತಿದ್ದಿರಿ, ನಾನು ಪೊಟ್ಟಣಗಳ ತೂಕ ಪರೀಕ್ಷಿಸುತ್ತಿದ್ದೆ. ತೂಕ ಕಡಿಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು. ಅದಕ್ಕೇ ಎರಡೂ ಬದಿಯ ಪರೀಕ್ಷೆ ಎಂದು ತೂಗುವ ಮೊದಲೇ ಪುಸ್ತಕದಲ್ಲಿ ಬರೆದಿಡುವುದು ನಮ್ಮ ಪದ್ಧತಿ. ಬರೆದವನೂ ನಾನೇ. ಮಿಷನ್ ಸರಿಯಿದ್ದೂ ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು — ಅದೇ ಪಿ-ಮೌಲ್ಯ. ಅದು ನೂರಕ್ಕೆ ಐದಕ್ಕಿಂತ ಕಡಿಮೆ ಬಂದರೆ, ಮಿಷನ್ ನೋಡಿಕೊಳ್ಳುವವರನ್ನು ಹಿಡಿಯುತ್ತಿದ್ದರು.

ಅಂದು ಸರಾಸರಿ ತುಸು ಕಡಿಮೆ ಬಂತು. ಕಡಿಮೆ ಕಂಡಿತಲ್ಲ — ಕೋಷ್ಟಕದಲ್ಲಿ ಎಡಬದಿಯ ಬಾಲವೊಂದನ್ನೇ, ಎಂದರೆ ತೂಕ ಅಷ್ಟು ಕಡಿಮೆಯಾಗುವ ಸಂಭವವನ್ನಷ್ಟೇ ನೋಡಿ, ನೂರಕ್ಕೆ ಮೂರು ಎಂದು ಬರೆದು ಸಹಿ ಹಾಕಿದೆ. ಅಷ್ಟೇ ಹೆಚ್ಚಾಗುವ ಸಂಭವದ ಬಲಬದಿಯ ಬಾಲವನ್ನೂ ಸೇರಿಸಬೇಕಿತ್ತು. ಎರಡೂ ಒಂದೇ ಅಳತೆ; ಎರಡರಿಂದ ಗುಣಿಸಿದರೆ ಆರು, ಐದನ್ನು ದಾಟಿತು, ನಿಮ್ಮ ಮೇಲೆ ಯಾವ ದೂರೂ ಇಲ್ಲ. ಥೂ, ಮಗ್ಗಿ ಬರುವ ಮಗು ಮಾಡುವ ಲೆಕ್ಕ!

ವರದಿ ಮೇಲಕ್ಕೆ ಹೋದ ಮೇಲೆ ನೀವು ಬಂದಿರಿ. "ನಾನ್ ಸೆಟ್ಟಿಂಗ್ ಮುಟ್ಟೇ ಇಲ್ಲ ಕಣ್ ಸಾ. ಇನ್ನೊಂದ್ ಕಿತ ಲೆಕ್ಕ ನೋಡಿ ಸಾ, ನಿಮ್ ದಮ್ಮಯ್ಯ."

ನೋಡಿದೆ. ಆರು ಬಂತು. ವರದಿ ವಾಪಸು ಕೇಳಿದರೆ ಮ್ಯಾನೇಜರ ಮುಂದೆ ಮುಖ ಎಲ್ಲಿಟ್ಟುಕೊಳ್ಳಲಿ ಎಂದು... "ಅಷ್ಟೇ ಬರುತ್ತೆ ಕಣಮ್ಮ" ಎಂದುಬಿಟ್ಟೆ. ವಾರದೊಳಗೆ ನಿಮ್ಮನ್ನು ತೆಗೆದರು. ನಿಮ್ಮ ಕೆಲಸ ಕಾಯಂ ಆಗಲು ಎರಡು ತಿಂಗಳು ಉಳಿದಿತ್ತು.

ಮೊನ್ನೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ಹೆಮ್ಮಿಗೆಯಲ್ಲಿ ಕೂಲಿಗೆ ಹೋಗುತ್ತಿರುವುದಾಗಿ ಹೇಳಿದಿರಿ. ಕೋಪವಿಲ್ಲ, ದೂರಿಲ್ಲ, ಜೊತೆಗಿದ್ದ ಮಗಳಿಗೆ ನನ್ನನ್ನು ತೋರಿಸಿದಿರಿ: "ಯಾರೂ ನನ್ ಮಾತ್ ಕೇಳ್ದೆ ಇದ್ದಾಗ ಲೆಕ್ಕ ತಿರ್ಗಾ ನೋಡಿದ್ದು ಈ ಸಾರೊಬ್ರೇ ಕಣವ್ವ. ಎಲ್ಲೋ ನಾನೇ ಕೈಯಾಡ್ಸಿರ್ಬೇಕು ಬುಡು."

ಇಷ್ಟು ವರ್ಷ ನಿಮ್ಮ ಮೇಲೇ ನಿಮಗೆ ಅನುಮಾನ! ಆಗಲೂ ನಾನು, ಬಸ್ಸು ಬಂತೆಂದು, ಹತ್ತಿಕೊಂಡುಬಿಟ್ಟೆ. ನನಗೆ ನಾಚಿಕೆಯಾಗಬೇಕು. ಆಗುತ್ತಿದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಹೆಮ್ಮಿಗೆಗೆ ಬಂದು, ನಿಮ್ಮ ಮಗಳ ಎದುರಿಗೇ ಓದಿ ಹೇಳುತ್ತೇನೆ.